ಟೋನಿ ಅಯೋಮಿಯ ಎರಡು ಬೆರಳು: ಹೆವಿ ಮೆಟಲ್‌ನ ಮೊದಲ ದಿನಗಳ ಬಗ್ಗೆ ಅಧ್ಯಯನ ಟಿಪ್ಪಣಿ

ಕಳೆದ ಭಾನುವಾರ ನಮ್ಮ ಕಲಿಕೆಯ ಕೂಟದಲ್ಲಿ ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ಮೊದಲಿಗರಾದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ ಕೇಳಿದೆವಲ್ಲ, ಅದು ಮುಗಿದ ಮೇಲೆ "ತಂತಿ ಸಡಿಲ ಬಿಟ್ಟು ನುಡಿಸಿದ್ದರಿಂದಲೇ ನಾದಕ್ಕೆ ಇಷ್ಟು ಭಾರ" ಎಂಬ ಮಾತು ಬಂತು. ಎಲ್ಲರೂ ಹೌದೆಂದೆವು. ನಾನು ಉಳಿದವರಿಗಿಂತ ಜೋರಾಗಿಯೇ ಹೌದೆಂದೆ. ಮನೆಗೆ ಬಂದು ಗಿಟಾರ್ ಹಿಡಿದು ಆಲ್ಬಂ ಜೊತೆಗೆ ನುಡಿಸಿ ನೋಡಿದರೆ ತಂತಿ ಸಡಿಲವೇ ಇಲ್ಲ. ಎಲ್ಲರೂ ಇಟ್ಟುಕೊಳ್ಳುವ ಸಾಮಾನ್ಯ ಶ್ರುತಿಯೇ. ಹಾಗಾದರೆ ಆ ಭಾರ ಎಲ್ಲಿಂದ ಬಂತು? ಈ ಟಿಪ್ಪಣಿ ನನ್ನ ಆ ತಲೆಯಾಡಿಕೆಗೆ ಪ್ರಾಯಶ್ಚಿತ್ತ.

ನಾನು ಆಧಾರವಾಗಿ ಹಿಡಿದದ್ದು ತಂಡದ ಗಿಟಾರ್ ವಾದಕ ಟೋನಿ ಅಯೋಮಿ ಅವರ ನೆನಪುಗಳನ್ನು. 2011ರಲ್ಲಿ ಅವರ ಆತ್ಮಕಥೆ ಬಂತು. ಅದಕ್ಕೂ ಮೊದಲು, ಆಮೇಲೂ ಅವರು ಹತ್ತಾರು ಕಡೆ ಮಾತಾಡಿದ್ದಾರೆ. ಹಿರಿಯ ಕಲಾವಿದರ ನೆನಪುಗಳನ್ನು ಓದುವಾಗ ನಾನು ಇಟ್ಟುಕೊಂಡ ಒಂದು ಅಭ್ಯಾಸವಿದೆ. "ನಾವು ಹೊಸ ಸಂಗೀತವನ್ನೇ ಹುಟ್ಟುಹಾಕಿದೆವು" ಎನ್ನುವ ಪುಟದಲ್ಲಿ ಪೆನ್ಸಿಲ್ ಕೆಳಗಿಡುತ್ತೇನೆ. "ಆ ದಿನ ತೆಳು ತಂತಿ ಎಲ್ಲೂ ಸಿಗಲಿಲ್ಲ, ಅದಕ್ಕೇ ಹೀಗೆ ಮಾಡಿದೆ" ಎನ್ನುವ ಪುಟದಲ್ಲಿ ಗೆರೆ ಎಳೆಯುತ್ತೇನೆ. ಅಯೋಮಿ ಅವರ ನೆನಪುಗಳಲ್ಲಿ ಎರಡನೆಯ ಬಗೆಯ ಪುಟಗಳೇ ಹೆಚ್ಚು, ಅದೇ ನಮ್ಮ ಪುಣ್ಯ.

ಊರು ಮತ್ತು ಜನ

ಇದನ್ನು ಬೇಗ ಮುಗಿಸುತ್ತೇನೆ. ಊರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಬಡಾವಣೆ ಆಸ್ಟನ್. ನಾಲ್ವರೂ ಅಲ್ಲಿನವರೇ, 1948–49ರಲ್ಲಿ ಹುಟ್ಟಿದವರು: ಅಯೋಮಿ, ಹಾಡುಗಾರ ಆಜಿ ಆಸ್ಬೋರ್ನ್, ಡ್ರಮ್ಮಿನ ಬಿಲ್ ವಾರ್ಡ್, ಬೇಸ್ ಗಿಟಾರಿನ ಗೀಜರ್ ಬಟ್ಲರ್. (ಬಚ್ಚಲುಮನೆಯ ಗೀಸರ್‌ಗೂ ಇವರಿಗೂ ಸಂಬಂಧವಿಲ್ಲ, ಆ ಊರಿನ ಬಳಕೆಮಾತಿನಲ್ಲಿ ಅದು ಆಸಾಮಿ ಎಂಬಂಥ ಪದ.) ಆಜಿ ಕಸಾಯಿಖಾನೆಯಲ್ಲಿ ದುಡಿದಿದ್ದವರು, ಕಾರಿನ ಹಾರ್ನ್ ಸರಿಮಾಡುವ ಕಾರ್ಖಾನೆಯಲ್ಲೂ ಇದ್ದವರು. ಸಂಗೀತದ ಅಂಗಡಿಯಲ್ಲಿ ಅವರು ಅಂಟಿಸಿದ್ದ ಜಾಹೀರಾತು ನೋಡಿ ಅಯೋಮಿ ಮತ್ತು ವಾರ್ಡ್ ಮನೆ ಹುಡುಕಿಕೊಂಡು ಹೋದರು. ಬಾಗಿಲಿಗೆ ಬಂದವರನ್ನು ಕಂಡೊಡನೆ ಅಯೋಮಿ "ಬೇಡ, ನಡಿ" ಎಂದು ಹೊರಟೇಬಿಟ್ಟರಂತೆ. ಇಬ್ಬರೂ ಒಂದೇ ಶಾಲೆಯವರು, ಅಲ್ಲಿ ಅಯೋಮಿ ಆಜಿಯನ್ನು ಗೋಳುಹೊಯ್ದುಕೊಂಡಿದ್ದವರು. ಆದರೂ 1968ರಲ್ಲಿ ಒಂದೇ ತಂಡದಲ್ಲಿ ನಿಂತರು. ಆಗ ಅವರು ನುಡಿಸುತ್ತಿದ್ದುದು ಅಮೆರಿಕದ ಬ್ಲೂಸ್. ಹೆವಿ ಮೆಟಲ್ ಎಂಬ ಹೆಸರು ಇನ್ನೂ ಯಾರ ಬಾಯಲ್ಲೂ ಇರಲಿಲ್ಲ ಎನ್ನಬಹುದು. ಆ ಹೆಸರನ್ನು ಒಪ್ಪಿಕೊಳ್ಳಲು ಅಯೋಮಿ ಅವರಿಗೇ ಬಹಳ ಕಾಲ ಹಿಡಿಯಿತು.

ಬೆರಳು

ಇಲ್ಲಿ ನಿಧಾನವಾಗಿ ಹೋಗೋಣ. 1965. ಅಯೋಮಿಗೆ 17 ವರ್ಷ, ತಗಡಿನ ಕಾರ್ಖಾನೆಯಲ್ಲಿ ಬೆಸುಗೆಯ ಕೆಲಸ. ಜರ್ಮನಿಗೆ ಹೊರಟಿದ್ದ ಒಂದು ತಂಡ ಸೇರಿಕೊಂಡಿದ್ದರಿಂದ ಕೆಲಸ ಬಿಡುವುದು ನಿಶ್ಚಯವಾಗಿತ್ತು; ಅದೇ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗುವುದು ಬೇಡವೆಂದುಕೊಂಡಿದ್ದರು. ತಾಯಿ ಬಿಡಲಿಲ್ಲ: ಹಿಡಿದ ಕೆಲಸ ಸರಿಯಾಗಿ ಮುಗಿಸಿ ಬಾ ಎಂದು ಕಳಿಸಿದರು. ತಗಡು ಒತ್ತುವ ಪ್ರೆಸ್ಸಿನವರು ಅಂದು ಬಂದಿರಲಿಲ್ಲ, ಇವರನ್ನೇ ಅಲ್ಲಿ ಕೂರಿಸಿದರು. ಯಂತ್ರ ಕೈಮೇಲೆ ಬಂತು, ಇವರು ಗಾಬರಿಯಲ್ಲಿ ಕೈ ಹಿಂದಕ್ಕೆ ಎಳೆದರು. ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿಗಳು ಅಲ್ಲೇ ಉಳಿದವು.

ಬಲಗೈ ಎಂದಾಗ ನಮ್ಮಲ್ಲಿ ಹಲವರು ಎಡವುತ್ತಾರೆ. ಅಯೋಮಿ ಎಡಚರು. ಎಡಗೈಯಲ್ಲಿ ಮೀಟುತ್ತಾರೆ, ಬಲಗೈಯಲ್ಲಿ ತಂತಿ ಒತ್ತುತ್ತಾರೆ. ಮೀಟುವ ಕೈಗೆ ಪೆಟ್ಟಾಗಿದ್ದರೆ ಕಡ್ಡಿ ಹಿಡಿದು ಸುಧಾರಿಸಿಕೊಳ್ಳಬಹುದಿತ್ತು. ಪೆಟ್ಟಾದದ್ದು ಸ್ವರ ಹುಡುಕುವ ಕೈಗೆ. ಬಲಗೈ ವಾದಕರಾಗಿ ಹೊಸದಾಗಿ ಕಲಿಯಬಹುದಿತ್ತೆಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಎರಡು ಮೂರು ವರ್ಷ ತಿದ್ದಿದ ಕೈಯನ್ನು ಬಿಡುವ ತಾಳ್ಮೆ ಆಗ ಇರಲಿಲ್ಲ.

ವೈದ್ಯರು ಗಿಟಾರ್ ಮರೆತುಬಿಡು ಎಂದರು. ಕಾರ್ಖಾನೆಯ ಮೇಲಧಿಕಾರಿ ಒಂದು ರೆಕಾರ್ಡ್ ಹಿಡಿದು ಮನೆಗೆ ಬಂದರು. ಕೇಳುವುದಿಲ್ಲ ಎಂದರೂ ಬಲವಂತ ಮಾಡಿ ಕೇಳಿಸಿದರು. ನುಡಿಸುತ್ತಿದ್ದವರು ಜ್ಯಾಸ್ ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್. 1928ರಲ್ಲಿ ಅವರು ವಾಸವಿದ್ದ ಗಾಡಿಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಸುಟ್ಟು ಮುರುಟಿಹೋಗಿದ್ದವು. ಹಾಡು ಮುಗಿದ ಮೇಲೆ ಮೇಲಧಿಕಾರಿ ಆ ವಿಷಯ ಹೇಳಿದರು. ಮೊದಲು ಸಂಗೀತ, ಆಮೇಲೆ ಕಥೆ. ಈ ಕ್ರಮವೇ ಆ ಮೇಲಧಿಕಾರಿಯ ಜಾಣತನ ಎಂದು ನನಗನ್ನಿಸುತ್ತದೆ.

ಮುಂದಿನದು ಪೂರ್ತಿ ಕೈಕೆಲಸ. ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದರು. ಕಾದ ಸೋಲ್ಡರಿಂಗ್ ಐರನ್ನಿನಿಂದ ಅದರಲ್ಲಿ ಬೆರಳು ಹೋಗುವಷ್ಟು ತೂತು ಕೊರೆದರು. ಚಾಕುವಿನಿಂದ ಕೆತ್ತಿ, ಸ್ಯಾಂಡ್ ಪೇಪರಿನಿಂದ ಗಂಟೆಗಟ್ಟಲೆ ಉಜ್ಜಿ ದರ್ಜಿಯ ಬೆರಳಟೊಪ್ಪಿಯಂತೆ ಮಾಡಿದರು. ಹಾಕಿಕೊಂಡು ನುಡಿಸಿದರೆ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತದೆ. ಬಟ್ಟೆ ಅಂಟಿಸಿ ನೋಡಿದರೆ ಹರಿಯುತ್ತದೆ. ಕೊನೆಗೆ ಹಳೆಯ ಚರ್ಮದ ಜಾಕೆಟ್ಟಿನಿಂದ ಚೂರು ಕತ್ತರಿಸಿ ಅಂಟಿಸಿದರು. ತಂತಿಗೆ ಅಂಟಿಯೂ ಅಂಟದಂತೆ ಇರಲು ಅದನ್ನೂ ಉಜ್ಜಿ ಉಜ್ಜಿ ಹದಕ್ಕೆ ತಂದರು.

ನೀವೂ ಒಮ್ಮೆ ಮಾಡಿ ನೋಡಿ: ಆ ಎರಡು ಬೆರಳುಗಳ ತುದಿಗೆ ದಪ್ಪಗೆ ಪ್ಲಾಸ್ಟರ್ ಸುತ್ತಿಕೊಂಡು ನುಡಿಸಿ. ನಾನು ಮಾಡಿದೆ. ಎಷ್ಟು ಒತ್ತಬೇಕೆಂಬುದೇ ತಿಳಿಯುವುದಿಲ್ಲ, ಬೆರಳು ಎಲ್ಲಿದೆಯೆಂದು ಕಿವಿ ಹೇಳಬೇಕು. ಐದು ನಿಮಿಷಕ್ಕೆ ಕೈ ಸೋತಿತು. ಅಯೋಮಿ ತೆಳು ತಂತಿಗಾಗಿ ಏಕೆ ಅಲೆದರೆಂಬುದು ಆಗ ಅರ್ಥವಾಯಿತು. ತೆಳು ತಂತಿಗಳ ಸೆಟ್ ಆಗ ಅವರಿಗೆ ಅಂಗಡಿಗಳಲ್ಲಿ ಸಿಗಲಿಲ್ಲ. ಅವರು ಬ್ಯಾಂಜೊ ತಂತಿಗಳನ್ನು ತಂದು ಮೇಲಿನ ಎರಡು ಸ್ವರಗಳಿಗೆ ಕಟ್ಟಿದರು, ಗಿಟಾರಿನ ತಂತಿಗಳನ್ನು ಒಂದೊಂದು ಸ್ಥಾನ ಸರಿಸಿಕೊಂಡರು.

ಸ ಮತ್ತು ಪ

ಹೆವಿ ಮೆಟಲ್ ಕಲಿಯಲು ಹೊರಟವರಿಗೆ ಮೊದಲ ಪಾಠ ಪವರ್ ಕಾರ್ಡ್. ಇದನ್ನು ನಮ್ಮವರಿಗೆ ವಿವರಿಸುವುದು ಬಹಳ ಸುಲಭ: ಅದು ಷಡ್ಜ ಮತ್ತು ಪಂಚಮ, ತಂಬೂರಿಯ ಅದೇ ಜೋಡಿ. ಗಾಂಧಾರ ಇಲ್ಲ, ಆದ್ದರಿಂದ ಪಾಶ್ಚಾತ್ಯರು ಹೇಳುವ ಮೇಜರ್, ಮೈನರ್ ಯಾವುದೂ ಅಲ್ಲ. ಎರಡು ಬೆರಳು ಸಾಕು. ಅಯೋಮಿ ಇದಕ್ಕೆ ಗಾಯವಾಗದ ತೋರುಬೆರಳು ಮತ್ತು ಕಿರುಬೆರಳುಗಳನ್ನು ನೆಚ್ಚಿಕೊಂಡರು.

ಎರಡೇ ಸ್ವರ ಅಷ್ಟು ದಪ್ಪಗೆ ಕೇಳುವುದು ಹೇಗೆ? ಆಂಪ್ಲಿಫೈಯರನ್ನು ತಾಳುವ ಮಿತಿಗಿಂತ ಹೆಚ್ಚು ದುಡಿಸಿದಾಗ ಅಲೆಯ ತಲೆ ಚಪ್ಪಟೆಯಾಗುತ್ತದೆ. ಹಾಗೆ ಒಡೆದ ನಾದದಲ್ಲಿ ಮೂಲ ಸ್ವರಗಳಲ್ಲದೆ ಅವುಗಳ ಕಂಪನಗಳ ಮೊತ್ತ ಮತ್ತು ವ್ಯತ್ಯಾಸಗಳೂ ಹುಟ್ಟುತ್ತವೆ. ಷಡ್ಜ 110 ಹರ್ಟ್ಸ್ ಎಂದಿಟ್ಟುಕೊಳ್ಳಿ, ಪಂಚಮ 165. ವ್ಯತ್ಯಾಸ 55, ಅಂದರೆ ಷಡ್ಜಕ್ಕಿಂತ ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಷಡ್ಜ. ಯಾರೂ ಮೀಟದ ಮಂದ್ರದ ತಂತಿಯೊಂದು ತಾನಾಗಿ ಜೊತೆಗೂಡುತ್ತದೆ. ಗಾಂಧಾರ ಸೇರಿಸಿದರೆ ಈ ಲೆಕ್ಕ ಕೆಟ್ಟು ನಾದ ರಾಡಿಯಾಗುತ್ತದೆ. ನಮ್ಮ ಭಾನುವಾರದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಮೊದಲ ಆಲ್ಬಮ್ಮಿನ ಭಾರ ಸಡಿಲ ತಂತಿಯದಲ್ಲ, ಒಡೆದ ಸ-ಪದ್ದು.

ಪ್ರತಿ ಮಧ್ಯಮ

ಉಳಿದರ್ಧ ಆಲ್ಬಮ್ಮಿನ ಮೊದಲ ಹಾಡಿನಲ್ಲೇ ಸಿಗುತ್ತದೆ. ಗಿಟಾರ್ ಮೂರೇ ಸ್ವರ ನುಡಿಸುತ್ತದೆ: ಕೆಳಗಿನ ಷಡ್ಜ, ಮೇಲಿನ ಷಡ್ಜ, ನಡುವೆ ಬಂದು ನಿಲ್ಲುವ ಪ್ರತಿ ಮಧ್ಯಮ. ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳನ್ನು ಸರಿಯಾಗಿ ಎರಡು ಪಾಲು ಮಾಡುವ ಸ್ವರ ಅದು. ಹಿಂದಿನ ದಿನಗಳಲ್ಲಿ ಗೀಜರ್ ಬಟ್ಲರ್ ಹೋಲ್ಸ್ಟ್ ಎಂಬ ಇಂಗ್ಲಿಷ್ ಸಂಗೀತಗಾರರ 'ಮಾರ್ಸ್' ಕೃತಿಯನ್ನು ಬೇಸ್‌ನಲ್ಲಿ ಬಾರಿಸುತ್ತಿದ್ದರು, ಅದರ ಗುಂಗಿನಲ್ಲಿ ಈ ತುಣುಕು ಬಂತು ಎಂದು ಅವರ ನೆನಪು.

ಈ ಅಂತರಕ್ಕೆ 'ಸಂಗೀತದಲ್ಲಿನ ಸೈತಾನ' ಎಂಬ ಹೆಸರಿದೆ. ಚರ್ಚು ಇದನ್ನು ನಿಷೇಧಿಸಿತ್ತು ಎಂಬ ಕಥೆಯನ್ನು ಪರೀಕ್ಷೆಯಲ್ಲಿ ಬರೆಯಬೇಡಿ; ಅಂಥ ನಿಷೇಧಕ್ಕೆ ದಾಖಲೆಯಿಲ್ಲ. ನಮಗಂತೂ ಈ ಸ್ವರ ಕಲ್ಯಾಣಿಯ ಜೀವ. 72 ಮೇಳಕರ್ತಗಳಲ್ಲಿ 36 ಇದರ ಮೇಲೆಯೇ ನಿಂತಿವೆ. ಹಾಗಿದ್ದೂ ಆ ಹಾಡಿನಲ್ಲಿ ಅದು ಬೆನ್ನಹುರಿಗೆ ತಣ್ಣಗೆ ತಾಗುತ್ತದೆ. ನನ್ನ ಗ್ರಹಿಕೆ ಇಷ್ಟು: ಕಲ್ಯಾಣಿಯಲ್ಲಿ ಪ್ರತಿ ಮಧ್ಯಮಕ್ಕೆ ಹಿಂದೆ ಗಾಂಧಾರ, ಮುಂದೆ ಪಂಚಮ ಇರುತ್ತವೆ, ತುಂಬಿದ ಮನೆಯ ಮಗಳಿದ್ದಂತೆ. ಇಲ್ಲಿ ಅದನ್ನು ಒಂಟಿಯಾಗಿ, ವಿಳಂಬದಲ್ಲಿ, ಎರಡು ಕಡೆ ಮೌನದ ನಡುವೆ ನಿಲ್ಲಿಸಿದ್ದಾರೆ. ಪಂಚಮಕ್ಕೆ ಹೋಗಿ ಸೇರಲಿ ಎಂದು ಕಿವಿ ಕಾಯುತ್ತದೆ, ಅದು ಹೋಗುವುದಿಲ್ಲ. ಮಳೆ, ಗುಡುಗು, ಗಂಟೆಯ ಸದ್ದನ್ನು ಆಮೇಲೆ ಸೇರಿಸಿದ್ದು; ಅದಿಲ್ಲದಿದ್ದರೂ ಹೆದರಿಕೆ ಅಷ್ಟೇ ಇರುತ್ತಿತ್ತು.

ಈ ಆಲ್ಬಮ್ಮಿನ ಧ್ವನಿಮುದ್ರಣ ನಡೆದದ್ದು 1969ರ ಅಕ್ಟೋಬರ್ 16ರಂದು, ಲಂಡನ್ನಿನಲ್ಲಿ, ಒಂದೇ ದಿನದಲ್ಲಿ. ವೇದಿಕೆಯಲ್ಲಿ ನುಡಿಸುವ ಹಾಗೆಯೇ ನುಡಿಸಿದರು, ಆಜಿಯನ್ನು ಪಕ್ಕದ ಗೂಡಿನಲ್ಲಿ ನಿಲ್ಲಿಸಿ ಹಾಡಿಸಿದರು. ಹ್ಯಾಂಬರ್ಗ್ ಮತ್ತು ಜ್ಯೂರಿಕ್‌ನ ಕ್ಲಬ್ಬುಗಳಲ್ಲಿ ದಿನಕ್ಕೆ ಹಲವು ಸರದಿ, ಕೆಲವೊಮ್ಮೆ ಖಾಲಿ ಕುರ್ಚಿಗಳಿಗೇ, ನುಡಿಸಿ ನುಡಿಸಿ ಕೈ ಪಳಗಿತ್ತು. ನಡುವೆ ಅಯೋಮಿ ಅವರ ಗಿಟಾರಿನ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿ ಹಿಡಿಯುವ ಭಾಗ) ಕೆಟ್ಟಿತು. ಜೊತೆಯಲ್ಲಿ ಸುಮ್ಮನೆ ತಂದಿಟ್ಟುಕೊಂಡಿದ್ದ ಇನ್ನೊಂದು ಗಿಟಾರ್, ಗಿಬ್ಸನ್ ಎಸ್‌ಜಿ ಎತ್ತಿಕೊಂಡರು. ಆಮೇಲೆ ಆ ಮಾದರಿಯ ಗಿಟಾರೇ ಅವರ ಗುರುತಾಯಿತು. ಆಲ್ಬಂ ಹೊರಬಂದದ್ದು 1970ರ ಫೆಬ್ರವರಿ 13ರ ಶುಕ್ರವಾರ.

ಸಡಿಲ ತಂತಿ ಬಂದದ್ದು ಯಾವಾಗ

1971ರಲ್ಲಿ, ಮೂರನೆಯ ಆಲ್ಬಂ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ. ಅದರ ಹಲವು ಹಾಡುಗಳಲ್ಲಿ ತಂತಿಗಳನ್ನು ಮೂರು ಸ್ವರಸ್ಥಾನ ಇಳಿಸಿದ್ದಾರೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ ಬಿಳಿ ಮೂರರಿಂದ ಕಪ್ಪು ಒಂದಕ್ಕೆ. ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಿಂದ 69ಕ್ಕೆ ಬಂತು. ಕಂಪನವು ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ ಬಿಗಿತ ಸುಮಾರು ಶೇಕಡ 30ರಷ್ಟು ಕಡಿಮೆಯಾಗುತ್ತದೆ. ಬೆರಳಟೊಪ್ಪಿ ಹಾಕಿದ ಕೈಗೆ ಅದು ದೊಡ್ಡ ಬಿಡುಗಡೆ: ತಂತಿ ಬಗ್ಗಿಸುವುದು, ಗಮಕದಂತೆ ಅಲುಗಿಸುವುದು ಸಲೀಸು. ಬಟ್ಲರ್ ಕೂಡ ಬೇಸ್ ಇಳಿಸಿದರು. ಕೈಯ ಅನುಕೂಲಕ್ಕೆ ಮಾಡಿದ್ದು ಕಿವಿಗೆ ಬೇರೆಯೇ ಆಗಿ ಕೇಳಿಸಿತು, ಇಂದು ಲೋಕದ ಮೂಲೆಮೂಲೆಯ ಮೆಟಲ್ ತಂಡಗಳು ಗಟ್ಟಿ ಬೆರಳಿದ್ದರೂ ಶ್ರುತಿ ಇಳಿಸುತ್ತವೆ. (ಅದೇ ಆಲ್ಬಂ ಶುರುವಾಗುವ ಕೆಮ್ಮು ಅಯೋಮಿ ಅವರದೇ. ಟೇಪು ಓಡುತ್ತಿತ್ತು, ಹಾಗೆಯೇ ಉಳಿಸಿಕೊಂಡರು.)

ನೆನಪು ಕೈಕೊಡುವ ಕಡೆ

ತಂಡದ ಮೊದಲ ಹೆಸರು ಪೋಲ್ಕಾ ಟಲ್ಕ್. ಅದು ಒಂದು ಟಾಲ್ಕಂ ಪೌಡರ್ ಡಬ್ಬಿಯಿಂದ ಬಂತು ಎಂಬುದು ಒಂದು ಕಥೆ, ನಮ್ಮ ಉಪಖಂಡದವರೊಬ್ಬರ ಬಟ್ಟೆ ಅಂಗಡಿಯ ಹೆಸರೆಂಬುದು ಇನ್ನೊಂದು. ಅಲ್ಲಿದ್ದವರೇ ಹೀಗೆ ಎರಡು ಹೇಳಿದರೆ ನಾವು ಎರಡನ್ನೂ ಬರೆದುಕೊಂಡು ಮುಂದೆ ಹೋಗುವುದೇ ಸರಿ. ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಬಡಿತವೇ ಈ ಸಂಗೀತದ ತಾಳವಾಯಿತು ಎಂಬ ಮಾತನ್ನು ಆ ಊರಿನ ಹಲವು ವಾದಕರು ಹೇಳುತ್ತಾರೆ. ಕೇಳಲು ಚೆನ್ನ. ಆದರೆ ಬಿಲ್ ವಾರ್ಡ್ ಅವರ ಡ್ರಮ್ ಕೇಳಿ: ಅಲ್ಲಿರುವುದು ಜ್ಯಾಸ್‌ನ ತೂಗುಗತಿ, ಸುತ್ತಿಗೆಯ ಬಡಿತವಲ್ಲ. ಕಾರ್ಖಾನೆ ಇವರ ಸಂಗೀತದೊಳಗೆ ಬಂದದ್ದು ಕಿವಿಯ ದಾರಿಯಿಂದಲ್ಲ, ಆ ಪ್ರೆಸ್ಸಿನ ದಾರಿಯಿಂದ.

ನಂಬಬಹುದಾದ ನೆನಪಿಗೆ ಮಾದರಿ ಬೇಕೆಂದರೆ ಇದು. 1968ರ ಕೊನೆಯಲ್ಲಿ ಅಯೋಮಿ ಕೆಲವೇ ವಾರ ಜೆಥ್ರೊ ಟಲ್ ತಂಡದಲ್ಲಿದ್ದರು. ಅಲ್ಲಿ ಬೆಳಗ್ಗೆ ಒಂಬತ್ತಕ್ಕೆ ಅಭ್ಯಾಸ, ತಡವಾಗಿ ಬರುವಂತಿಲ್ಲ. ಮರಳಿ ಬಂದು ತಮ್ಮವರನ್ನೂ ಒಂಬತ್ತಕ್ಕೆ ಎಬ್ಬಿಸಲು ಶುರುಮಾಡಿದರು. ಇದರಲ್ಲಿ ಸೈತಾನನೂ ಇಲ್ಲ, ಗುಡುಗೂ ಇಲ್ಲ. ಹಾಗಾಗಿಯೇ ಸುಳ್ಳು ಹೇಳಬೇಕಾದ ಕಾರಣವೂ ಇಲ್ಲ.

2025ರ ಜುಲೈ 5ರಂದು ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ನಾಲ್ವರೂ ಕೊನೆಯ ಬಾರಿಗೆ ಜೊತೆಯಾಗಿ ನುಡಿಸಿದರು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2011ರಲ್ಲಿ ನುಡಿಸಿದ್ದ ಅಮೆರಿಕದ ಮೆಟಲ್ ತಂಡ ಮೆಟಾಲಿಕಾದವರು ಅಂದು ಅವರಿಗಿಂತ ಮೊದಲು ವೇದಿಕೆಯಲ್ಲಿದ್ದರು. ಆಜಿ ಕುರ್ಚಿಯಲ್ಲಿ ಕೂತೇ ಹಾಡಿದರು. ಹುಡುಗನಾಗಿದ್ದಾಗ ಅದೇ ಮೈದಾನಕ್ಕೆ ಫುಟ್ಬಾಲ್ ನೋಡಲು ಬರುವವರ ಕಾರು ಕಾಯ್ದು ಚಿಲ್ಲರೆ ಗಳಿಸುತ್ತಿದ್ದವರು ಅವರು. ಹದಿನೇಳು ದಿನಕ್ಕೆ, ಜುಲೈ 22ರಂದು ತೀರಿಕೊಂಡರು.

ಇನ್ನು ಆ ಚರ್ಮದ ಜಾಕೆಟ್. ಆತ್ಮಕಥೆ ಬರೆಯುವ ಹೊತ್ತಿಗೂ ಅಯೋಮಿ ಬೆರಳಟೊಪ್ಪಿಗೆ ಅದರ ಚೂರನ್ನೇ ಕತ್ತರಿಸಿ ಅಂಟಿಸಿಕೊಳ್ಳುತ್ತಿದ್ದರು. ಉಳಿದಿರುವುದು ಒಂದಿಷ್ಟೇ, ಇನ್ನು ಕೆಲವು ವರ್ಷಕ್ಕೆ ಸಾಕು ಎಂದು ಅದರಲ್ಲಿ ಬರೆದಿದ್ದಾರೆ.