ಹತ್ತು ದಿನ ಹಿಂದಿದ್ದ ಕ್ಯಾಲೆಂಡರ್

ಖಗೋಳಜ್ಞ ಸೈಮನ್ ಮಾರಿಯಸ್ ಗುರುಗ್ರಹದ ಉಪಗ್ರಹಗಳನ್ನು ಮೊದಲು ಬರೆದಿಟ್ಟ ತಾರೀಖು 1609ರ ಡಿಸೆಂಬರ್ 29. ಗೆಲಿಲಿಯೋನ ಟಿಪ್ಪಣಿ ಶುರುವಾಗುವುದು 1610ರ ಜನವರಿ 7ಕ್ಕೆ. ಹಾಗಾದರೆ ಮಾರಿಯಸ್‌ನೇ ಮೊದಲಿಗ? ಅಲ್ಲ. ಮಾರಿಯಸ್ ಇದ್ದದ್ದು ಜರ್ಮನಿಯ ಆನ್ಸ್‌ಬಾಖ್‌ನಲ್ಲಿ, ಪ್ರಾಟೆಸ್ಟೆಂಟರ ಸೀಮೆಯಲ್ಲಿ. 1582ರಲ್ಲಿ ಪೋಪ್ ತಂದ ಹೊಸ ಕ್ಯಾಲೆಂಡರನ್ನು ಅವರು ಒಪ್ಪಿರಲಿಲ್ಲ. ಹಳೆಯದು ಹತ್ತು ದಿನ ಹಿಂದಿತ್ತು. ಅವನ ಡಿಸೆಂಬರ್ 29 ಎಂದರೆ ಗೆಲಿಲಿಯೋನ ಜನವರಿ 8. ಒಂದೇ ದಿನದ ಅಂತರ!

ಮೇಯರ್ ಎಂಬ ಮನೆತನದ ಹೆಸರನ್ನು ಆ ಕಾಲದ ಪಂಡಿತರ ರೂಢಿಯಂತೆ ಲ್ಯಾಟಿನ್‌ಗೆ ತಿರುಗಿಸಿಕೊಂಡಿದ್ದ ಈತ ಆನ್ಸ್‌ಬಾಖ್ ಆಸ್ಥಾನದ ಗಣಿತಜ್ಞ. ಕಂಡದ್ದನ್ನು ಪುಸ್ತಕವಾಗಿ ತರುವುದರಲ್ಲಿ ಮಾತ್ರ ತೀರಾ ನಿಧಾನ. ಗೆಲಿಲಿಯೋ ಎರಡೇ ತಿಂಗಳಲ್ಲಿ ಅಚ್ಚು ಹಾಕಿಸಿದ; ಮಾರಿಯಸ್‌ನ 'ಮುಂಡಸ್ ಯೋವಿಯಾಲಿಸ್' (ಗುರುಗ್ರಹದ ಲೋಕ) ಹೊರಬಂದದ್ದು 1614ರಲ್ಲಿ. 1623ರಲ್ಲಿ ಗೆಲಿಲಿಯೋ ಅವನನ್ನು ಕೃತಿಚೋರನೆಂದು ಜರೆದ. ಕ್ಯಾಲೆಂಡರಿನ ವ್ಯತ್ಯಾಸವನ್ನೂ ಎತ್ತಿ ತೋರಿಸಿದ. ಅವನ ಸಿಟ್ಟಿಗೆ ಹಳೆಯ ಕಾರಣವೊಂದಿತ್ತು. ಗೆಲಿಲಿಯೋನ ಗಣಿತ ಉಪಕರಣವೊಂದನ್ನು ತನ್ನದೆಂದು 1607ರಲ್ಲಿ ಪುಸ್ತಕ ಬರೆದ ಬಾಲ್ದಸ್ಸಾರ್ ಕಾಪ್ರಾ, ಮಾರಿಯಸ್‌ನ ಶಿಷ್ಯ. ಗುರುವಿಗೂ ಆ ಮಸಿ ಹತ್ತಿತು.

ನನಗೆ ಮಾರಿಯಸ್ ಕಳ್ಳನೆಂದು ಅನ್ನಿಸುವುದಿಲ್ಲ. ಉಪಗ್ರಹಗಳು ಸುತ್ತುವ ಅವಧಿಯನ್ನು ಅವನು ಸ್ವಂತವಾಗಿ ಲೆಕ್ಕ ಹಾಕಿ ಕೋಷ್ಟಕ ಕೊಟ್ಟಿದ್ದ. ಕದ್ದವನಿಗೆ ಅಷ್ಟು ಶ್ರಮವೇಕೆ? 1612ರ ಡಿಸೆಂಬರ್‌ನಲ್ಲಿ ಆಂಡ್ರೊಮಿಡಾ ನಕ್ಷತ್ರಪುಂಜದತ್ತ ದೂರದರ್ಶಕ ತಿರುಗಿಸಿದಾಗ, ಅಲ್ಲಿನ ಮಸುಕು ಬೆಳಕು ಕೊಂಬಿನ ತೆಳು ಹಾಳೆಯ ಹಿಂದೆ ಉರಿಯುವ ಮೇಣದಬತ್ತಿಯಂತಿದೆ ಎಂದು ಬರೆದ. ನಕ್ಷತ್ರಗಳನ್ನು ಬಿಡಿಸಿ ನೋಡಲಾಗದ ಆ ಮಸುಕು ಇನ್ನೊಂದು ಗ್ಯಾಲಕ್ಸಿ ಎಂದು ಖಚಿತವಾದದ್ದು 20ನೇ ಶತಮಾನದಲ್ಲಿ.

ಹೆಸರಿನ ವಿಷಯದಲ್ಲಿ ಇಬ್ಬರೂ ಒಡೆಯರ ಓಲೈಕೆಗೆ ನಿಂತವರೇ. ಗೆಲಿಲಿಯೋಗೆ ಅವು 'ಮೆದಿಚಿ ನಕ್ಷತ್ರಗಳು', ಮಾರಿಯಸ್‌ಗೆ 'ಬ್ರಾಂಡೆನ್‌ಬರ್ಗ್ ನಕ್ಷತ್ರಗಳು'. ಆದರೆ 1613ರ ಅಕ್ಟೋಬರ್‌ನಲ್ಲಿ ರೇಗೆನ್ಸ್‌ಬರ್ಗ್‌ನಲ್ಲಿ ಸಿಕ್ಕ ಖಗೋಳಜ್ಞ ಕೆಪ್ಲರ್, ಗುರುಗ್ರಹಕ್ಕೆ ಹೆಸರು ಕೊಟ್ಟ ರೋಮನ್ ದೇವ ಜೂಪಿಟರ್‌ನ ಪ್ರೇಮಪಾತ್ರರ ಹೆಸರಿಡಬಹುದಲ್ಲ ಎಂದು ತಮಾಷೆಗೆ ಹೇಳಿದ. ಮಾರಿಯಸ್ ಅದನ್ನೂ ಪುಸ್ತಕಕ್ಕೆ ಸೇರಿಸಿದ: ಅಯೊ, ಯುರೋಪಾ, ಗ್ಯಾನಿಮೀಡ್, ಕ್ಯಾಲಿಸ್ಟೊ. ಗೆಲಿಲಿಯೋ ಆ ಹೆಸರುಗಳನ್ನು ಮುಟ್ಟಲೇ ಇಲ್ಲ; ಒಂದು, ಎರಡು, ಮೂರು, ನಾಲ್ಕು ಎಂಬ ಕ್ರಮಸಂಖ್ಯೆಯೇ ಶತಮಾನಗಳ ಕಾಲ ನಡೆಯಿತು.

20ನೇ ಶತಮಾನದ ಆರಂಭದಲ್ಲಿ ಡಚ್ ವಿದ್ವಾಂಸರಾದ ಔಡೆಮಾನ್ಸ್ ಮತ್ತು ಬೊಸ್ಖಾ ಹಳೆಯ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಮಾರಿಯಸ್‌ನ ಕೆಲಸ ಸ್ವತಂತ್ರವಾದದ್ದೆಂದು ವಾದಿಸಿದರು. ಸಂಖ್ಯೆಗಳ ಜಾಗಕ್ಕೆ ಅವನ ಪುಸ್ತಕದ ಹೆಸರುಗಳು ಬಂದು ನಿಂತದ್ದೂ ಅದೇ ಶತಮಾನದಲ್ಲಿ.