ಮೊಬೈಲ್ ನಕ್ಷೆಯ ಗೆರೆ ಎಷ್ಟು ಅಡಿ ದಪ್ಪ?

'ಸಾರ್, ದಿಶಾಂಕ್ ಆ್ಯಪಿನಲ್ಲಿ ನೋಡಿದೆ. ಪಕ್ಕದವರ ಕೊಟ್ಟಿಗೆ ನಮ್ಮ ಸರ್ವೆ ನಂಬರಿನೊಳಗೇ ಇದೆ!' ನಕ್ಷೆ ಕೆಲಸ ಮಾಡುವ ನಮಗೆ ಈ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ದಿಶಾಂಕ್ ಅಂದರೆ ನಿಂತ ಜಾಗದ ಸರ್ವೆ ನಂಬರನ್ನೂ ಅದರ ಗಡಿ ಗೆರೆಯನ್ನೂ ಮೊಬೈಲಿನಲ್ಲಿ ತೋರಿಸುವ ಸರ್ಕಾರಿ ಆ್ಯಪ್. ಕೆಲವರು ಅಷ್ಟರಲ್ಲಿ ಜಗಳಕ್ಕೂ ಇಳಿದಿರುತ್ತಾರೆ. ಬೇಸರವಾಗುವುದು ಅದಕ್ಕೇ.

ಆ ಗಡಿ ಗೆರೆ ಎಲ್ಲಿಂದ ಬಂತು ಅಂತ ಮೊದಲು ತಿಳಿಯಬೇಕು. ಅದರ ಮೂಲ ಹಳೇ ಗ್ರಾಮ ನಕಾಶೆ. ಒಂದು ಮೈಲಿಯನ್ನು 8 ಇಂಚಿಗೆ ಇಳಿಸಿ ಬರೆದದ್ದು, ಅಂದರೆ 1:7920. ಕಾಗದದ ಮೇಲೆ ಒಂದು ಮಿಲಿಮೀಟರ್ ಇದ್ದರೆ ನೆಲದಲ್ಲಿ ಸುಮಾರು 8 ಮೀಟರ್. ಶಾಯಿ ಗೆರೆ ಅರ್ಧ ಮಿಲಿಮೀಟರ್ ದಪ್ಪ ಅಂತಿಟ್ಟುಕೊಳ್ಳಿ. ಅಷ್ಟೇ 13 ಅಡಿ ಆಯಿತು! ನಿಮ್ಮ ಬದು 330 ಅಡಿ ಉದ್ದ ಇದ್ದರೆ, ಆ ಗೆರೆಯ ಅಡಿಯಲ್ಲೇ ಹತ್ತಿರ ಹತ್ತಿರ 4 ಗುಂಟೆ ಅಡಗಿರುತ್ತದೆ. ಕೊಟ್ಟಿಗೆ ಯಾವ ಲೆಕ್ಕ ಹೇಳಿ.

ಸಾಲದ್ದಕ್ಕೆ ಹಳೇ ಕಾಗದ ಹಿಗ್ಗಿರುತ್ತದೆ, ಕುಗ್ಗಿರುತ್ತದೆ, ಮಡಿಕೆಯಲ್ಲಿ ಹರಿದಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ, ಮೂರು ಊರಿನ ಗಡಿ ಸೇರುವ ಕಲ್ಲು, ಕೆರೆ ಏರಿ, ರಸ್ತೆ ಕೂಡುವ ಜಾಗ ಇಂಥವನ್ನು ಗುರುತು ಹಿಡಿದು ಉಪಗ್ರಹ ಚಿತ್ರದ ಮೇಲೆ ಕೂರಿಸುತ್ತಾರೆ. ಒಂದು ಮೂಲೆ ಸರಿಯಾಗಿ ಕೂತರೆ ಇನ್ನೊಂದು ಮೂಲೆ ಜಾರುತ್ತದೆ. ಮೊಬೈಲಿನ ಜಿಪಿಎಸ್ ಕೂಡ ನಾಲ್ಕಾರು ಮೀಟರ್ ಆಚೀಚೆ ತೋರಿಸುವುದು ಮಾಮೂಲು. ತೋಟದ ಮರಗಳ ಕೆಳಗೆ ಇನ್ನೂ ಜಾಸ್ತಿ.

ಹಾಗಂತ ಆ್ಯಪ್ ಬೇಡ ಅನ್ನುತ್ತಿಲ್ಲ. ಸೈಟು ಕೊಳ್ಳುವವರು ಅದನ್ನು ನೋಡದೆ ಅಡ್ವಾನ್ಸ್ ಕೊಡಲೇಬಾರದು ಅನ್ನುವವನು ನಾನು. ನಿಂತ ಜಾಗ ಯಾವ ಸರ್ವೆ ನಂಬರು, ಅದು ಕೆರೆಯದ್ದಾ, ಗೋಮಾಳವಾ, ಹತ್ತಿರದಲ್ಲಿ ರಾಜಕಾಲುವೆ ಇದೆಯಾ ಅಂತ ಮೊದಲ ಸುಳಿವು ಅಲ್ಲೇ ಸಿಗುತ್ತದೆ. ಆಮೇಲೆ ಪಹಣಿ ತೆಗೆಸಿ ತಾಳೆ ನೋಡಿ.

ಬದುವಿನ ತಕರಾರಿಗೆ ಮಾತ್ರ ಟಿಪ್ಪಣಿ ಪ್ರತಿ, ಅಂದರೆ ಆ ಸರ್ವೆ ನಂಬರಿನ ಮೂಲ ಅಳತೆಯ ನಕ್ಷೆ ಬೇಕು. ಅದರಲ್ಲಿ ಬರೀ ಗೆರೆಯಲ್ಲ, ಹಿಂದಿನವರು 33 ಅಡಿಯ ಸರಪಳಿ ಎಳೆದು ಅಳೆದ ಅಂಕಿಗಳಿವೆ, ಸರಪಳಿ, ಆಣೆ ಲೆಕ್ಕದಲ್ಲಿ (ಒಂದು ಸರಪಳಿಗೆ 16 ಆಣೆ). ಗೆರೆ ಎಷ್ಟೇ ದಪ್ಪವಿದ್ದರೂ ಅಂಕಿ ಬದಲಾಗುವುದಿಲ್ಲ, ಅಲ್ವಾ? ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಭೂಮಾಪಕರಿಂದ ಗಡಿ ಗುರುತಿಸಿಕೊಳ್ಳಲು ಅರ್ಜಿ ಹಾಕಿ. ಭೂಮಾಪಕರು ಅಳತೆಗೆ ಬರುವ ದಿನ ಪಕ್ಕದ ಜಮೀನಿನವರನ್ನು ನೀವೇ ಹೋಗಿ ಕರೆದುಕೊಂಡು ಬನ್ನಿ. ನೋಟಿಸ್ ಹೋಗಿದೆಯಲ್ಲ ಅಂತ ಸುಮ್ನೆ ಕೂರಬೇಡಿ.