ಎನ್‌ಆರ್‌ಒ ಖಾತೆ: ಊರಿನ ಮನೆಯ ಗಲ್ಲಾಪೆಟ್ಟಿಗೆ

ಅಕ್ಕ, ಬಾವ ಅಬುಧಾಬಿಯಲ್ಲಿದ್ದಾರೆ. ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮೊದಲ ಎರಡು ವರ್ಷ ಆ ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ತಿಂಗಳು ತಿಂಗಳು ಸೆಸ್ಕ್ (ನಮ್ಮ ಕಡೆಯ ವಿದ್ಯುತ್ ಕಂಪನಿ) ಬಿಲ್ ಬರುತ್ತಿತ್ತು. ಒಂದು ಯೂನಿಟ್ ಕರೆಂಟ್ ಉರಿಸದಿದ್ದರೂ ಮಂಜೂರಾದ ಲೋಡಿನ ಮೇಲೆ ನಿಗದಿತ ಶುಲ್ಕ ಇದ್ದೇ ಇರುತ್ತದೆ. ಜೊತೆಗೆ ನೀರಿನ ಬಿಲ್, ಮನೆ ಕಂದಾಯ. ಇದನ್ನೆಲ್ಲ ಯಾವ ಖಾತೆಯಿಂದ ಕಟ್ಟೋದು ಅಂತ ಕೂತು ಮಾತಾಡುವಾಗ ಮೊದಲ ಸಲ ನನ್ನ ಕಿವಿಗೆ ಬಿದ್ದ ಪದ ಎನ್‌ಆರ್‌ಒ.

ಪೂರ್ತಿ ಹೆಸರು ನಾನ್ ರೆಸಿಡೆಂಟ್ ಆರ್ಡಿನರಿ. ಅಂದರೆ ಅನಿವಾಸಿಯ ಸಾಮಾನ್ಯ ಖಾತೆ. ಇದರ ಜೋಡಿ ಎನ್‌ಆರ್‌ಇ, ಅದರಲ್ಲಿ ಕೊನೆಯ ಅಕ್ಷರ ಎಕ್ಸ್‌ಟರ್ನಲ್, ಅಂದರೆ ಹೊರಗಿನದು. ಈ ಕೊನೆಯ ಅಕ್ಷರ ಹಿಡಿದುಕೊಂಡರೆ ಅರ್ಧ ವಿಷಯ ಗೊತ್ತಾದ ಹಾಗೆ. ಹೊರದೇಶದಲ್ಲಿ ದುಡಿದು ಕಳಿಸಿದ ಹಣಕ್ಕೆ ಎನ್‌ಆರ್‌ಇ. ಇಲ್ಲೇ ಹುಟ್ಟುವ ಹಣಕ್ಕೆ, ಅಂದರೆ ಬಾಡಿಗೆ, ಪಿಂಚಣಿ, ಡಿವಿಡೆಂಡ್, ಯಾರೋ ವಾಪಸ್ ಕೊಟ್ಟ ಸಾಲ, ಇಂಥವಕ್ಕೆ ಎನ್‌ಆರ್‌ಒ. ಎರಡೂ ರೂಪಾಯಿ ಖಾತೆಗಳೇ. ನಾನು ಅಕ್ಕನಿಗೆ ಹೇಳೋದು ಇಷ್ಟೇ: ಎನ್‌ಆರ್‌ಇ ನಿಂದು, ಎನ್‌ಆರ್‌ಒ ನಿನ್ನ ಮನೇದು.

ಇನ್ನು ಇಲ್ಲಿಂದ ಹೋಗುವಾಗ ಇದ್ದ ಹಳೇ ಉಳಿತಾಯ ಖಾತೆ. ಸುಮಾರು ಜನ ಅದನ್ನ ಹಾಗೇ ಬಿಟ್ಟು ಹೋಗುತ್ತಾರೆ. ಎಟಿಎಂ ಕಾರ್ಡ್ ಇದೆ, ನೆಟ್ ಬ್ಯಾಂಕಿಂಗ್ ನಡೆಯುತ್ತಿದೆ, ಸುಮ್ನೆ ಯಾಕೆ ತಲೆನೋವು ಅಂತ. ಅದು ತಪ್ಪು. ನಿಯಮಕ್ಕೆ ವಿರುದ್ಧವೂ ಹೌದು. ಫೆಮಾ ಅಂತ ಕರೆಯುವ 1999ರ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ಕೆಲಸಕ್ಕೆಂದು ದೇಶ ಬಿಟ್ಟ ಕೂಡಲೇ ನೀವು ಅನಿವಾಸಿ. 182 ದಿನದ ಲೆಕ್ಕ ಮುಗಿಯಲಿ ಅಂತ ಕಾಯುವ ಹಾಗಿಲ್ಲ. (ಆದಾಯ ತೆರಿಗೆಯವರ ದಿನದ ಲೆಕ್ಕ ಬೇರೆ. ಒಂದೇ ಪದಕ್ಕೆ ಎರಡು ಕಾನೂನಿನಲ್ಲಿ ಎರಡು ಅರ್ಥ, ಗೊಂದಲ ಆಗದೆ ಇನ್ನೇನಾಗುತ್ತೆ!) ಬ್ಯಾಂಕಿಗೆ ತಿಳಿಸಿದರೆ ಹಳೇ ಖಾತೆಯನ್ನೇ ಎನ್‌ಆರ್‌ಒ ಮಾಡಿಕೊಡುತ್ತಾರೆ.

ಎನ್‌ಆರ್‌ಇ ಖಾತೆಯಿಂದಲೇ ನೇರವಾಗಿ ಕರೆಂಟ್ ಬಿಲ್ ಕಟ್ಟಬಹುದಲ್ವಾ ಅಂತ ಕೇಳಬಹುದು. ಕಟ್ಟಬಹುದು, ಇಲ್ಲಿನ ಖರ್ಚಿಗೆ ಅಡ್ಡಿಯಿಲ್ಲ. ತೊಂದರೆ ಇರೋದು ಹಣ ಒಳಗೆ ಬರುವಾಗ. ಊರಲ್ಲಿರುವ ನಾನು ಅಕ್ಕನ ಎನ್‌ಆರ್‌ಇ ಖಾತೆಗೆ ರೂಪಾಯಿ ಹಾಕುವ ಹಾಗಿಲ್ಲ. ಎನ್‌ಆರ್‌ಒಗೆ ಹಾಕಬಹುದು. ಎನ್‌ಆರ್‌ಇಯಿಂದ ಎನ್‌ಆರ್‌ಒಗೆ ಹಣ ಒಂದು ಗಳಿಗೆಯಲ್ಲಿ ಹೋಗುತ್ತದೆ. ವಾಪಸ್ ಬರಬೇಕಾದರೆ ಅರ್ಜಿ, ತೆರಿಗೆ ಕಟ್ಟಿದ ದಾಖಲೆ, ಬೇಕಾದಲ್ಲಿ ಸಿಎ ಕೊಡುವ ಸರ್ಟಿಫಿಕೇಟ್. ಹಾಲಿಗೆ ನೀರು ಬೆರೆಸೋದು ಸುಲಭ, ಬೇರೆ ಮಾಡೋದು ಕಷ್ಟ, ಹಾಗೆ. ಅದಕ್ಕೇ ವರ್ಷಕ್ಕೆ ಮನೆ ಖರ್ಚು ಎಷ್ಟಾಗುತ್ತದೋ ಅಷ್ಟನ್ನೇ ಎನ್‌ಆರ್‌ಒಗೆ ಹಾಕಿಡು ಅಂತ ನಾನು ಅಕ್ಕನಿಗೆ ಹೇಳಿದ್ದೇನೆ.

ಮನೆ ಮಾರಿದ ಹಣ, ಪಿತ್ರಾರ್ಜಿತವಾಗಿ ಬಂದ ಹಣ, ಇಂಥವನ್ನು ಎನ್‌ಆರ್‌ಒದಿಂದ ಹೊರಗೆ ಒಯ್ಯಲು ಒಂದು ಹಣಕಾಸು ವರ್ಷಕ್ಕೆ 10 ಲಕ್ಷ ಡಾಲರ್ ಮಿತಿ ಇದೆ. ಬಾಡಿಗೆ, ಪಿಂಚಣಿಯಂಥ ಆದಾಯ ಈ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಂಥವರಿಗೆ 10 ಲಕ್ಷ ಡಾಲರ್ ಕನಸಿನ ಮಾತು ಬಿಡಿ.

ತೆರಿಗೆಯಲ್ಲೂ ಎರಡು ಖಾತೆಗೆ ಅಜಗಜಾಂತರ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒ ಬಡ್ಡಿಗೆ ಇದೆ. ಬ್ಯಾಂಕಿನವರೇ 30% ಮತ್ತು ಅದರ ಮೇಲಿನ ಸೆಸ್ ಸೇರಿಸಿ 31.2% ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತಾರೆ. ನೀವಿರುವ ದೇಶದ ಜೊತೆ ಭಾರತಕ್ಕೆ ತೆರಿಗೆ ಒಪ್ಪಂದ ಇದ್ದರೆ ಆ ದೇಶದ ತೆರಿಗೆ ನಿವಾಸಿ ಪ್ರಮಾಣಪತ್ರ ಕೊಟ್ಟು ಇದನ್ನು ಇಳಿಸಿಕೊಳ್ಳಬಹುದು. ಯುಎಇ ಆದರೆ 12.5%, ಅಮೆರಿಕ, ಬ್ರಿಟನ್ ಆದರೆ 15%. ಬಾವ ಈ ಪ್ರಮಾಣಪತ್ರಕ್ಕೆ ಓಡಾಡಲು ಮನಸ್ಸು ಮಾಡಿದ್ದು ಮೂರನೇ ವರ್ಷ.

ಮನೆ ಬಾಡಿಗೆಗೆ ಕೊಟ್ಟ ಮೇಲೆ ಇನ್ನೊಂದು ವಿಷಯ ಎದುರಾಯಿತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಡವೋದು ಜಾಸ್ತಿ ಇಲ್ಲೇ. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆದಾರನೇ ಟಿಡಿಎಸ್, ಅಂದರೆ ಹಣ ಕೊಡುವ ಮೊದಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ತಿಂಗಳ ಬಾಡಿಗೆ 50 ಸಾವಿರ ದಾಟಿದರೆ ಮಾತ್ರ ಟಿಡಿಎಸ್ ಅನ್ನೋದು ಇಲ್ಲೇ ಇರುವ ಮಾಲೀಕರಿಗೆ. ಅನಿವಾಸಿಗೆ ಕೊಡುವ ಬಾಡಿಗೆಗೆ ಅಂಥ ಮಿತಿಯೇ ಇಲ್ಲ. 25 ಸಾವಿರ ಬಾಡಿಗೆಯಾದರೆ ಅದೇ 31.2% ಲೆಕ್ಕದಲ್ಲಿ 7,800 ಕಟ್ಟಿ, ಉಳಿದ 17,200 ಮಾಲೀಕರ ಎನ್‌ಆರ್‌ಒ ಖಾತೆಗೆ ಹಾಕಬೇಕು. ಇದಕ್ಕೆ ಬಾಡಿಗೆದಾರ ಟ್ಯಾನ್ ನಂಬರ್ (ತೆರಿಗೆ ಹಿಡಿದು ಕಟ್ಟುವವರ ಗುರುತಿನ ನಂಬರ್) ಪಡೆಯಬೇಕು. ಕಟ್ಟದಿದ್ದರೆ ನೋಟಿಸ್ ಬರೋದು ಅವನಿಗೆ! ನಮ್ಮ ಮನೆ ನೋಡಲು ಬಂದ ಮೊದಲ ಇಬ್ಬರು ಟ್ಯಾನ್ ಅಂದ ಕೂಡಲೇ ಫೋನ್ ಎತ್ತುವುದನ್ನೇ ಬಿಟ್ಟರು. ಹೆಚ್ಚಾಗಿ ಹಿಡಿದ ತೆರಿಗೆಯನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು. ಮೊದಲೇ ಅರ್ಜಿ ಹಾಕಿ ಕಡಿಮೆ ದರದ ಸರ್ಟಿಫಿಕೇಟ್ ತರಿಸಿಕೊಳ್ಳುವುದಕ್ಕೂ ದಾರಿ ಇದೆ. ಬಾಡಿಗೆ ಕರಾರಿನಲ್ಲೇ ಇದನ್ನು ಬರೆದುಬಿಟ್ಟರೆ ಆಮೇಲೆ ಜಗಳ ಇರುವುದಿಲ್ಲ.

ಬಿಲ್ ಕಟ್ಟುವವರು ಯಾರು? ಎನ್‌ಆರ್‌ಒ ಖಾತೆಗೆ ಊರಿನಲ್ಲಿರುವ ಒಬ್ಬರನ್ನು ಮ್ಯಾಂಡೇಟ್, ಅಂದರೆ ಖಾತೆ ನಡೆಸುವ ಅಧಿಕಾರ, ಕೊಟ್ಟು ಸೇರಿಸಬಹುದು. ಅವರು ಇಲ್ಲಿನ ಖರ್ಚಿಗೆ ಚೆಕ್ ಬರೆಯಬಹುದು. ಹಣವನ್ನು ವಿದೇಶದಲ್ಲಿ ಖಾತೆದಾರರಿಗಲ್ಲದೆ ಬೇರೆ ಯಾರಿಗೂ ಕಳಿಸುವ ಹಾಗಿಲ್ಲ, ಖಾತೆದಾರರ ಪರವಾಗಿ ಯಾರಿಗೂ ಉಡುಗೊರೆ ಕೊಡುವ ಹಾಗಿಲ್ಲ. ನಮ್ಮನೇಲಿ ಮ್ಯಾಂಡೇಟ್ ಇರೋದು ನನ್ನ ಹೆಸರಿಗೆ. ಸೆಸ್ಕ್‌ನ ಆರ್‌ಆರ್ ನಂಬರ್, ಕಂದಾಯದ ಅಸೆಸ್‌ಮೆಂಟ್ ನಂಬರ್, ನೀರಿನ ಕನೆಕ್ಷನ್ ನಂಬರ್, ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿದರೆ 5% ರಿಯಾಯಿತಿ. ಅದೊಂದನ್ನು ಮರೆತರೆ ಅಕ್ಕನಿಂದ ವರ್ಷವಿಡೀ ಮಾತು ಕೇಳಬೇಕು.

ಕೆಲವನ್ನು ನನ್ನ ಕೈಗೂ ಬರದ ಹಾಗೆ ಆಟೊ ಡೆಬಿಟ್‌ಗೆ ಹಾಕಿಬಿಟ್ಟಿದ್ದೇವೆ. ಕಾರ್ಡ್ ಅಥವಾ ಯುಪಿಐ ಮೂಲಕ ಮಾಡಿಕೊಳ್ಳುವ ಇ-ಮ್ಯಾಂಡೇಟ್‌ನಲ್ಲಿ (ಹಣ ತಾನಾಗೇ ಕಡಿತವಾಗಲಿ ಅಂತ ಮೊದಲೇ ಕೊಡುವ ಒಪ್ಪಿಗೆ) 15 ಸಾವಿರ ರೂಪಾಯಿವರೆಗಿನ ಕಂತಿಗೆ ಪ್ರತಿ ಸಲ ಓಟಿಪಿ ಬೇಕಿಲ್ಲ.

ಓಟಿಪಿ ಅಂದ ಕೂಡಲೇ ನೆನಪಾಗುವುದು ಸಿಮ್. ಅಕ್ಕ ಮೈಸೂರಿನ ಪ್ರಿಪೇಯ್ಡ್ ಸಿಮ್ಮನ್ನು ಡ್ರಾಯರ್‌ನಲ್ಲಿಟ್ಟು ಮರೆತಳು. 90 ದಿನ ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟ ಸಿಮ್ ರದ್ದಾಗಬಹುದು. ಅವಳದ್ದು ಆಗೇ ಹೋಯಿತು. ಓಟಿಪಿ ಬರುವ ನಂಬರ್ ಬದಲಿಸಿಕೊಡಿ ಅಂದರೆ ಬ್ಯಾಂಕಿನವರು ಬ್ರಾಂಚಿಗೇ ಬನ್ನಿ ಅಂದರು. ಅಬುಧಾಬಿಯಿಂದ ಬ್ರಾಂಚಿಗೆ! ಕೊನೆಗೆ ರಜಕ್ಕೆ ಬಂದಾಗ ಅರ್ಧ ದಿನ ಅಲ್ಲೇ ಕೂತು ನಂಬರ್ ಬದಲಾಯಿಸಿಕೊಂಡಳು. ಈಗ ಇಷ್ಟು ಪಾಡುಪಡಬೇಕಿಲ್ಲ. 2023ರ ಜನವರಿಯಲ್ಲಿ, ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ, ಯುಎಇ, ಅಮೆರಿಕ, ಬ್ರಿಟನ್, ಸಿಂಗಪುರ ಸೇರಿ 10 ದೇಶಗಳ ಮೊಬೈಲ್ ನಂಬರಿನಲ್ಲೇ ಎನ್‌ಆರ್‌ಇ, ಎನ್‌ಆರ್‌ಒ ಖಾತೆಗೆ ಯುಪಿಐ ಜೋಡಿಸಲು ಒಪ್ಪಿಗೆ ಕೊಟ್ಟಿತು. ನಿಮ್ಮ ಬ್ಯಾಂಕು ಆ ಸೌಲಭ್ಯ ಕೊಡುತ್ತದೆಯೇ ಅಂತ ವಿಚಾರಿಸಿಕೊಳ್ಳಿ.

ಖಾತೆಯನ್ನು ಮುಟ್ಟದೆ ಬಿಡುವುದೂ ಒಳ್ಳೆಯದಲ್ಲ. ಎರಡು ವರ್ಷ ವಹಿವಾಟು ಇಲ್ಲದಿದ್ದರೆ ಖಾತೆ ನಿಷ್ಕ್ರಿಯ ಆಗುತ್ತದೆ. 10 ವರ್ಷ ಆದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ನಿಧಿಗೆ ಹೋಗುತ್ತದೆ. ಆಮೇಲೂ ಕೇಳಿ ಪಡೆಯಬಹುದು, ಆದರೆ ಅಷ್ಟು ದೂರ ಯಾಕೆ ಬೆಳೆಸಬೇಕು? ಮನೆಯ ಬಿಲ್ಲುಗಳು ಇದೇ ಖಾತೆಯಿಂದ ಹೋಗುತ್ತಿದ್ದರೆ ಆ ಚಿಂತೆ ಇಲ್ಲ.

ಊರಿಗೆ ವಾಪಸ್ ಬಂದು ನೆಲೆಸಿದ ಮೇಲೆ ಮತ್ತೆ ಬ್ಯಾಂಕಿಗೆ ಹೇಳಬೇಕು. ಎನ್‌ಆರ್‌ಒ ಮೊದಲಿನ ಹಾಗೆ ಉಳಿತಾಯ ಖಾತೆ ಆಗುತ್ತದೆ. ಅಕ್ಕ ಮಾತ್ರ "ಇನ್ನೆರಡೇ ವರ್ಷ ಕಣೋ" ಅಂತ ಆರು ವರ್ಷದಿಂದ ಹೇಳುತ್ತಿದ್ದಾಳೆ. ಸೆಸ್ಕ್ ಮೆಸೇಜ್ ಈಗಲೂ ನನ್ನ ಫೋನಿಗೇ ಬರುತ್ತಿದೆ.